ಹೊಳೆಮರಳಿನ ಮಂದೆ

ನರ್ಸಿಂಗ್ ಹಾಸ್ಟೆಲ್, ನೈರೋಬಿ
೯ ಫೆಬ್ರವರಿ ೧೯೮೮

ನಾರಾಮತ್ ಅತ್ತಿಗೆಯವರಿಗೆ,

ಟಾಯೊ ಕ್ಷೇಮವಾಗಿ ಹಟ್ಟಿ ಸೇರಿದಳೆಂದು ಲಾರಿಯವನಿಂದ ತಿಳಿಯಿತು. ಮಗಳನ್ನು ಶಾಲೆಗೆ ಸೇರಿಸುತ್ತೇನೆಂದು ಕರೆದುಕೊಂಡು ಹೋದವಳು ಇಷ್ಟು ಬೇಗ ವಾಪಸ್ಸು ಕಳಿಸಿದ್ದೇಕೆಂದು ಅತ್ತೆ ಕೇಳಿಯೇ ಕೇಳುತ್ತಾರೆ. ಇಲ್ಲಿನ ಚಳಿ ಒಗ್ಗಲಿಲ್ಲ ಎಂದುಬಿಡಿ. ನಿಮ್ಮ ತಮ್ಮ ಬೆಟ್ಟದ ಮೇವಿನ ಕಡೆಯಿಂದ ಇಳಿದು ಬಂದರೆ ಅವರಿಗೂ ಅಷ್ಟೇ ಹೇಳಿ. ನಿಮಗೆ ಮಾತ್ರ ನಿಜ ಬರೆಯುತ್ತಿದ್ದೇನೆ.

ಶಾಲೆಯ ದೊಡ್ಡ ಮೇಡಂ ಒಳ್ಳೆಯವರೇ. ಟಾಯೊಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿಠಾಯಿ ಕೊಟ್ಟರು. ಹೆಸರು ಕೇಳಿದರೆ ಇವಳು ನೆಲ ನೋಡಿದಳು. ನನಗೆ ಒಳಗೊಳಗೇ ದಿಗಿಲು. "ಮೇಡಂ, ಇವಳು ಬೊಂಬೆ, ಚೆಂಡು ಕಂಡವಳಲ್ಲ. ದನ ಅಂದ್ರೆ ಪ್ರಾಣ ಬಿಡ್ತಾಳೆ. ದನದ್ದೇ ಏನಾದ್ರೂ ಕೇಳಿ, ಬಾಯಿ ಬಿಡ್ತಾಳೆ" ಎಂದು ನಾನೇ ಹೇಳಿದೆ. ಅವರು ಪಾಪ, ಕಪಾಟೆಲ್ಲ ತಡಕಿ ಒಂದು ದೊಡ್ಡ ಚಿತ್ರ ತಂದರು. ಹಸಿರು ಹುಲ್ಲು, ಅದರ ತುಂಬ ಹಸುಗಳು. ಟಾಯೊಳ ಮುಖ ಅರಳಿತು. ಒಂದೊಂದರ ಮೈಮೇಲೂ ಬೆರಳಾಡಿಸಿದಳು. "ಎಷ್ಟು ಹಸು ಇದೆ ಕೇಳಿ" ಎಂದರು ಮೇಡಂ. ನಾನು ನಮ್ಮ ಮಾತಿನಲ್ಲಿ ಕೇಳಿದೆ. ಅಷ್ಟೇ ನೋಡಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಒಂದು ಥರ ನೋಡಿದಳು. ಆಮೇಲೆ ಚೆಂಡು ತೋರಿಸಿದರೂ ಇಲ್ಲ, ಮಣಿ ತೋರಿಸಿದರೂ ಇಲ್ಲ, ಕೈ ತೆಗೆಯಲೇ ಇಲ್ಲ.

ನಾನು ತರಬೇತಿ ಪಡೆಯುವ ಕಡೆ ಮಕ್ಕಳ ಡಾಕ್ಟರಿಗೂ ತೋರಿಸಿದೆ. ಅಲ್ಲೂ ಇದೇ ಕಥೆ. "ಹಲ್ಲು ಬೀಳೋ ವಯಸ್ಸಿಗೆ ಇಷ್ಟು ಎಣಿಕೆ ಬರಬೇಕಿತ್ತು. ಬುದ್ಧಿ ಬೆಳವಣಿಗೆ ನಿಧಾನ ಇದ್ದ ಹಾಗಿದೆ" ಎಂದರು. ಇಂಥ ಮಕ್ಕಳನ್ನು ಇಟ್ಟುಕೊಂಡು ಕಲಿಸುವ ಆಶ್ರಮವೊಂದು ನಕುರು ದಾಟಿದ ಮೇಲೆ ಇದೆಯಂತೆ. ಅಲ್ಲೇ ಇರಬೇಕು, ವರ್ಷಕ್ಕೊಮ್ಮೆ ಮನೆಗೆ ಬರಬಹುದು.

ಅತ್ತಿಗೆ, ನೀವು ಮರದ ಕೆಳಗೆ ಪುಟ್ಟ ಮಕ್ಕಳಿಗೆ ಪಾಠ ಹೇಳುವವರು. ನಿಮ್ಮ ಕಣ್ಣಿಗೆ ಅವಳು ಹೇಗೆ ಕಾಣುತ್ತಾಳೆ, ಮುಚ್ಚುಮರೆಯಿಲ್ಲದೆ ಬರೆಯಿರಿ.

ನಿಮ್ಮ
ಸೆಲೈನಾ


ಸೆಯ್ಯಾ ಹೊಳೆಯ ಹಟ್ಟಿ, ವಂಬಾ ಅಂಚೆ
೨೬ ಫೆಬ್ರವರಿ ೧೯೮೮

ಸೆಲೈನಾ,

ನಿನ್ನ ಪತ್ರ ಅಂಗಡಿಯವನ ಸಕ್ಕರೆ ಚೀಲದ ಅಡಿ ಬಿದ್ದಿತ್ತು. ಓದುವಾಗ ಅಂಟುತ್ತಿತ್ತು.

ನೀನು ಅಷ್ಟಕ್ಕೇ ಹೆದರುವುದೇ? ಟಾಯೊ ಚೆನ್ನಾಗಿದ್ದಾಳೆ. ನನ್ನ ಪಾಠಕ್ಕೆ ಬರುತ್ತಾಳೆ, ಕೂರುತ್ತಾಳೆ. ಎಣಿಕೆ ಇನ್ನೂ ಬಂದಿಲ್ಲ, ಬರುತ್ತದೆ. ನನ್ನ ಹತ್ತಿರ ಚೆಂಡೂ ಇಲ್ಲ, ಚಿತ್ರವೂ ಇಲ್ಲ. ಹೊಳೆಯಲ್ಲಿ ನುಣುಪು ಕಲ್ಲು ಹೆಕ್ಕಿ ತಂದು ಮಕ್ಕಳ ಮುಂದೆ ಸುರಿಯುತ್ತೇನೆ, ಒಂದು, ಎರಡು ಎಂದು ಕಲಿಸುತ್ತೇನೆ. ಸಾಕಷ್ಟು ಮಕ್ಕಳು ಇದರಲ್ಲೇ ಕಲಿತು ವಂಬಾದ ದೊಡ್ಡ ಶಾಲೆ ಸೇರಿದ್ದಾರೆ. ಇವಳೂ ಸೇರುತ್ತಾಳೆ.

ಇಲ್ಲಿಯದೊಂದು ತಮಾಷೆ ಕೇಳು. ದನಕ್ಕೆ ಸೂಜಿ ಹಾಕಲು ಸರ್ಕಾರದ ಹೊಸ ಹುಡುಗನೊಬ್ಬ ಬಂದಿದ್ದ. ಬಯಲಿನಿಂದ ಬಂದವನು, ನಮ್ಮ ಕಡೆಯವನಲ್ಲ. ಹಟ್ಟಿಯ ಬಾಗಿಲಲ್ಲೇ ನಿಂತು, "ಯಜಮಾನ್ರೇ, ನಿಮ್ಮ ದನ ಒಟ್ಟು ಎಷ್ಟು?" ಎಂದು ಕೇಳಿಬಿಟ್ಟ. ಅಪ್ಪ ಅವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ, ಚಹ ಕೊಟ್ಟು, ಅವನ ತಾತ ಯಾರು, ಮುತ್ತಾತ ಯಾರು, ಅವರ ಊರಲ್ಲಿ ಮಳೆ ಹೇಗೆ, ಎಲ್ಲ ವಿಚಾರಿಸಿದರು. ಮತ್ತೆ ಚಹ ಕೊಟ್ಟರು. ಹುಡುಗ ಹೊಟ್ಟೆ ಹಿಡಿದುಕೊಂಡು ಹೋದ, ಲೆಕ್ಕ ಮಾತ್ರ ಸಿಗಲಿಲ್ಲ. ಜೀವ ಇರುವುದನ್ನು ಬಾಯಿಬಿಟ್ಟು ಎಣಿಸಿದರೆ ಅದಕ್ಕೆ ಕೇಡು ಎನ್ನುವುದನ್ನು ಆ ಮಹಾನುಭಾವನಿಗೆ ಯಾರು ತಿಳಿಸಬೇಕು. ಅವನು ಹೋದ ಮೇಲೆ ಅಮ್ಮ ಬಾಗಿಲಿಗೆ ಹಾಲು ಚಿಮುಕಿಸಿದರು.

ಆಶ್ರಮದ ಮಾತು ಸದ್ಯಕ್ಕೆ ಬೇಡ. ನಿನ್ನ ಪರೀಕ್ಷೆ ನೋಡಿಕೋ.

ನಾರಾಮತ್


ನೈರೋಬಿ
೧೪ ಮಾರ್ಚ್ ೧೯೮೮

ಅತ್ತಿಗೆಯವರಿಗೆ,

ಸೂಜಿ ಹುಡುಗನ ಕಥೆಗೆ ನನ್ನ ಕೋಣೆಯ ಜೊತೆಗಾತಿ ಅಪಿಯೊ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. "ಎಣಿಕೆ ಇನ್ನೂ ಬಂದಿಲ್ಲ" ಎಂಬ ಸಾಲಿನಲ್ಲೇ ನಿಂತುಬಿಟ್ಟೆ.

ಆಶ್ರಮದಲ್ಲಿ ಜಾಗ ಸಿಕ್ಕಿದೆ. ಮೇ ತಿಂಗಳಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ನಾನು ಒಪ್ಪಿಗೆ ಹೇಳಿಬಿಟ್ಟೆ. ನಿಮ್ಮನ್ನು ಕೇಳದೆ ಹೇಳಿದ್ದು ತಪ್ಪು, ಆದರೆ ಕೇಳಿ ಕಾಯಲು ಪತ್ರಕ್ಕೆ ಎಷ್ಟು ದಿನ ಬೇಕು ನಿಮಗೇ ಗೊತ್ತು. ಇಲ್ಲಿ ವಾರ್ಡಿನಲ್ಲಿ ದೊಡ್ಡವರಾದ ಮೇಲೆ ತಂದ ಮಕ್ಕಳನ್ನು ನೋಡುತ್ತೇನೆ. ಯಾರೂ ಕಲಿಸದೆ, ಮೂಲೆಯಲ್ಲಿ ಕೂರಿಸಿ ಬೆಳೆಸಿದವರು. ನನ್ನ ಮಗಳು ಹಾಗಾಗಬಾರದು. ಅವಳನ್ನು ದೂರ ಮಾಡಲು ನನಗೇನು ಖುಷಿಯೇ? ಅವಳಿಗೆ ಏನು ಇಷ್ಟ, ಹೇಗೆ ಮಲಗುತ್ತಾಳೆ, ಯಾವುದಕ್ಕೆ ಅಳುತ್ತಾಳೆ, ಅದನ್ನೆಲ್ಲ ಬರೆದು ಕಳಿಸಿ. ಅಲ್ಲಿನವರಿಗೆ ಹೇಳಬೇಕು. ನನಗೆ ಅದರಲ್ಲಿ ಅರ್ಧವೂ ಗೊತ್ತಿಲ್ಲ ಎನ್ನುವುದು ನಿನ್ನೆ ಗೊತ್ತಾಯಿತು.

ಸೆಲೈನಾ


ಸೆಯ್ಯಾ ಹೊಳೆ
೫ ಏಪ್ರಿಲ್ ೧೯೮೮

ಸೆಲೈನಾ,

ಇವತ್ತು ನಾನು ಕಂಡದ್ದನ್ನು ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ನಿಧಾನವಾಗಿ ಓದು.

ಮೊದಲು ಒಂದು ವಿಷಯ. ಟಾಯೊ ನನ್ನ ಪಾಠಕ್ಕೆ ಬರುತ್ತಿರಲಿಲ್ಲ. ಬಂದ ಮೊದಲ ದಿನ ನಾನು ಕಲ್ಲು ಸುರಿದು ಎಣಿಸಲು ಶುರುಮಾಡಿದೆ, ಎದ್ದು ಓಡಿದಳು. ಆಮೇಲೆ ದಿನಾ ಹೊಳೆಗೆ ಹೋಗಿ ಆಟ. ನೀನು ಕೊರಗುತ್ತೀಯೆಂದು ಬರೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನುಮಾನ ಹತ್ತಿತ್ತು. ಇವತ್ತು ಕಿವಿ ಹಿಂಡಿ ಎಳೆದುಕೊಂಡು ಬರೋಣವೆಂದೇ ಹೋದೆ.

ಹೊಳೆಯಲ್ಲಿ ನೀರಿಲ್ಲ, ಮರಳು, ಕಲ್ಲು ಅಷ್ಟೇ. ನಾಲ್ಕಾರು ಮಕ್ಕಳು ಸೇರಿ ಮುಳ್ಳುಕಡ್ಡಿಯ ಬೇಲಿ ಹಾಕಿ ಹಟ್ಟಿ ಕಟ್ಟಿದ್ದರು. ಒಳಗೆ ಕಲ್ಲಿನ ದನಗಳು. ನಾವೂ ಆಡಿದ ಆಟವೇ. ನಾನು ಬಂಡೆಯ ಹತ್ತಿರ ಬರುವ ಹೊತ್ತಿಗೆ, ನಾಯಿ ಬೆನ್ನಟ್ಟಿದ ಮೇಕೆಗಳ ಹಿಂಡು ಬಂದು ಅದರ ಮೇಲೇ ನುಗ್ಗಿತು. ಬೇಲಿ, ಹಟ್ಟಿ, ದನ, ಎಲ್ಲ ಚೆಲ್ಲಾಪಿಲ್ಲಿ. ಹೊಳೆಯ ತುಂಬ ಕಲ್ಲೇ ಕಲ್ಲು, ಅದರಲ್ಲಿ ಇವರ ಕಲ್ಲು ಯಾವುದು? ಉಳಿದ ಮಕ್ಕಳು ಗೋಳೋ ಎಂದು ಅತ್ತವು. ಟಾಯೊ ಅಳಲಿಲ್ಲ. ಸುಮ್ಮನೆ ಕೂತು ನೋಡಿದಳು. ಆಮೇಲೆ ಎದ್ದು ಹೆಕ್ಕಲು ಶುರುಮಾಡಿದಳು. ಇದನ್ನು ಎತ್ತುವುದು, ಅದನ್ನು ಬಿಡುವುದು. ಕೈ ತಡವರಿಸಲಿಲ್ಲ. ಉಳಿದವರು ತಂದು ಕೊಟ್ಟದ್ದರಲ್ಲಿ ಕೆಲವನ್ನು, "ಇದು ನಮ್ಮ ಮನೆಯದಲ್ಲ, ಸುಮ್ನೆ ಕಲ್ಲು" ಎಂದು ಎಸೆದಳು.

ಎಲ್ಲ ಹೆಕ್ಕಿದ ಮೇಲೆ ಬೇಲಿಯೊಳಗೆ ಸುರಿಯುತ್ತಾಳೆಂದುಕೊಂಡೆ. ಇಲ್ಲ. ಮರಳನ್ನು ಅಂಗೈಯಿಂದ ಸಾಪು ಮಾಡಿ, ಒಂದು ಬೂದು ಕಲ್ಲಿಟ್ಟಳು. ಅದರ ಕೆಳಗೆ ಬೇರೆ ಕಲ್ಲು, ಅವುಗಳ ಕೆಳಗೆ ಮತ್ತೆ. ನಾನು ಮೆಲ್ಲಗೆ ಪಕ್ಕ ಕೂತೆ.

"ಏನೇ ಇದು?"

"ಇವಳು ಮುದುಕಿ ಬೂದಿ. ಇವ್ರು ಅವಳ ಹೆಣ್ಮಕ್ಕಳು. ಇವ್ರು ಅವರ ಕರುಗಳು. ಸುಮ್ನಿರಿ ಅತ್ತೆ, ಯಾರೋ ಬಂದಿಲ್ಲ."

"ಯಾರು ಬಂದಿಲ್ಲ?"

ಸಾಲಿನ ಮೇಲೆ ಬೆರಳಾಡಿಸಿಕೊಂಡು ಹೋದಳು. ಒಂದು ಕಡೆ ನಿಂತಳು.

"ಸೊಟ್ಟಕೊಂಬಿ. ನೋಡಿ, ಅವಳ ಅಮ್ಮ ಇಲ್ಲಿದಾಳೆ. ಅವಳ ಕರು ಇಲ್ಲಿ. ಮಧ್ಯೆ ಖಾಲಿ. ಕರು ಒಂದೇ ನಿಂತಿದೆ, ಪಾಪ."

ಯೋಚಿಸಿ ನೋಡು, ಸೆಲೈನಾ. ಎಣಿಸಿದ್ದರೆ ಒಂದು ಕಡಿಮೆ ಎಂದು ತಿಳಿಯುತ್ತಿತ್ತು. ಯಾವುದು ಎಂದು ತಿಳಿಯುತ್ತಿತ್ತೇ? ಇವಳು ತಾಯಿ, ಮಗಳು, ಮೊಮ್ಮಗಳು ಎಂದು ಸಾಲು ಹಿಡಿದು, ಇಲ್ಲದವಳ ಜಾಗವನ್ನೇ ಹುಡುಕಿ ತೆಗೆದಳು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಕರುವಿನ ಕಲ್ಲನ್ನು ಕೈಗೆತ್ತಿಕೊಂಡಳು. ಕೆಂಪು, ಅದರಲ್ಲಿ ಬಿಳಿ ಎಳೆ. "ಅಮ್ಮ ಮಗು ಒಂದೇ ಬಂಡೆ ಒಡೆದದ್ದು" ಎಂದಳು. ಮೇಕೆ ಹೋದ ಹೆಜ್ಜೆ ಹಿಡಿದು ನಡೆದಳು, ಬಿದ್ದಿದ್ದ ಕೆಂಪು ಕಲ್ಲುಗಳಿಗೆಲ್ಲ ಆ ಚೂರನ್ನು ತಾಗಿಸಿ ತಾಗಿಸಿ ನೋಡುತ್ತಾ. ಬಿಳಿ ಎಳೆಗೆ ಎಳೆ ಕೂಡಬೇಕು. ಅತ್ತುಕೊಂಡಿದ್ದ ಪುಟ್ಟವನೊಬ್ಬನಿಗೆ, "ನೀನು ಆ ಕಡೆ ನೋಡು, ಬಿಳಿ ಗೆರೆ ಇದ್ರೆ ಮಾತ್ರ ಕೂಗು, ಸುಮ್ಸುಮ್ನೆ ಕೂಗಬೇಡ" ಎಂದು ಗದರಿದಳು. ಗೊರಸಿಗೆ ಸಿಕ್ಕಿ ಹೂತಿದ್ದ ಕಲ್ಲು ಕೊನೆಗೆ ಸಿಕ್ಕಿತು. ಎರಡನ್ನೂ ಜೋಡಿಸಿದಳು, ಒಡೆದ ಬಾಯಿಗೆ ಒಡೆದ ಬಾಯಿ ಕೂತಿತು.

ನಾನು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಮಗುವಿನ ತಲೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದು ಇವತ್ತೇ. ಕಿವಿ ಹಿಂಡಲು ಹೋದವಳು ಅವಳ ಪಕ್ಕ ಮರಳಲ್ಲಿ ಕೂತು, ಹೊತ್ತು ಇಳಿಯುವ ತನಕ ಅವಳ ದನ ಕಾಯ್ದೆ. ಆಶ್ರಮದವರಿಗೆ ಈಗಲೇ ಬೇಡವೆಂದು ಬರೆ.

ನಾರಾಮತ್


ನೈರೋಬಿ
೨೩ ಏಪ್ರಿಲ್ ೧೯೮೮

ಅತ್ತಿಗೆಯವರಿಗೆ,

ನಿಮ್ಮ ಪತ್ರ ಹಿಡಿದುಕೊಂಡು ಓಡಿಹೋಗಿ ಡಾಕ್ಟರಿಗೆ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೇಳಿ, "ದಿನಾ ಕಲ್ಲು ಸಾಲಾಗಿ ಜೋಡಿಸ್ತಾಳಾ? ಬೇರೆ ಪಾಠಕ್ಕೆ ಕೂರಲ್ವಾ? ಕೆಲವು ಮಕ್ಕಳು ಹೀಗೆ ಮಾಡ್ತಾರೆ. ಆ ಆಶ್ರಮದಲ್ಲಿ ಅವರನ್ನ ಚೆನ್ನಾಗಿ ನೋಡ್ಕೊಳ್ತಾರೆ" ಎಂದರು.

ನೀವು ಸುಳ್ಳು ಬರೆದಿರಿ ಎನ್ನುತ್ತಿಲ್ಲ. ಆದರೆ ಪಾಠಕ್ಕೆ ಬರುತ್ತಾಳೆ ಎಂದು ಮೊದಲು ಬರೆದವರೂ ನೀವೇ. ನನ್ನ ಸಮಾಧಾನಕ್ಕೆ ಆಗ ಒಂದು ಬರೆದಿರಿ, ಈಗ ಇನ್ನೊಂದು ಬರೆದಿರಿ ಎಂದು ಅನ್ನಿಸಿದರೆ ಅದು ನನ್ನ ತಪ್ಪೇ? ಕಲ್ಲಿನ ದನ ಹುಡುಕುವ ಜಾಣತನ ಯಾವ ಶಾಲೆಗೆ ಬೇಕು?

ಮೇ ಇಪ್ಪತ್ತಕ್ಕೆ ಇಸಿಯೊಲೊ ಮೇಲಿಂದ ಬರುವ ಲಾರಿಯಲ್ಲಿ ನಾನು ಬರುತ್ತೇನೆ. ಮರುದಿನವೇ ಅದರಲ್ಲೇ ಅವಳನ್ನು ಕರೆದುಕೊಂಡು ಹೊರಡುತ್ತೇನೆ. ಬಟ್ಟೆ ಒಗೆದು ಇಟ್ಟಿರಿ. ಮಾವನವರಿಗೆ ನೀವೇ ಹೇಳಬೇಕು. ಸೊಸೆ ನಾನು, ಅವರ ಎದುರು ನಿಂತು ಮಾತಾಡುವಂತಿಲ್ಲ.

ಸೆಲೈನಾ


ಸೆಯ್ಯಾ ಹೊಳೆ
೪ ಮೇ ೧೯೮೮

ಸೆಲೈನಾ,

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂದಿದೆ. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಅವರು ಕೋಲು ಹಿಡಿದು ಹೊಳೆಗೆ ಹೋಗಿ ಟಾಯೊಳ ಪಕ್ಕ ಕೂತರು. ಎಷ್ಟೋ ಹೊತ್ತು ಅವಳ ದನಗಳ ಯೋಗಕ್ಷೇಮ ವಿಚಾರಿಸಿದರು. ಯಾವುದು ಗಬ್ಬ, ಯಾವುದು ಹಾಯುತ್ತದೆ, ಯಾವುದಕ್ಕೆ ಹುಣ್ಣು. ಅವಳೂ ದೊಡ್ಡ ಯಜಮಾನಿಯ ಹಾಗೆ ಉತ್ತರ ಕೊಟ್ಟಳು. ಆಮೇಲೆ ಅಪ್ಪ, "ಇದರಲ್ಲಿ ನಿನ್ನ ಅಮ್ಮನ ದನ ಇದಾವಲ್ಲ, ಅವನ್ನ ಅಮ್ಮನ ಹತ್ರ ಕಳಿಸೋಣ. ಆರಿಸಿ ಕೊಡು" ಎಂದರು. ಅವಳು ತುಂಬ ಯೋಚನೆ ಮಾಡಿ ಆರಿಸಿದಳು. ಚರ್ಮದ ಚೂರಿನಲ್ಲಿ ಕಟ್ಟಿದ ಗಂಟು ಇದರ ಜೊತೆ ಇದೆ. ಡ್ರೈವರ್ ನೈರೋಬಿಗೆ ಹೋಗುವವನೇ, ಹಾಸ್ಟೆಲಿಗೇ ತಂದು ಕೊಡುತ್ತಾನೆ.

"ಏನು ಹೇಳಲಿ ಅವಳಿಗೆ?" ಎಂದು ಅಪ್ಪನನ್ನು ಕೇಳಿದೆ. "ಅವಳ ದನ, ಅವಳು ನೋಡ್ಕೋತಾಳೆ" ಎಂದರು. ನನಗೂ ಏನೂ ಅರ್ಥವಾಗಲಿಲ್ಲ.

ಬಟ್ಟೆ ಒಗೆದು ಮಡಿಸಿದ್ದೇನೆ. ಅಮ್ಮ ಎರಡು ದಿನದಿಂದ ಅವಳನ್ನು ತಮ್ಮ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಿದ್ದಾರೆ.

ನಾರಾಮತ್


ನೈರೋಬಿ
೧೧ ಮೇ ೧೯೮೮

ಅತ್ತಿಗೆ,

ಡ್ಯೂಟಿ ಮುಗಿಸಿ ಬಂದಾಗ ಗಂಟು ನನ್ನ ಮಂಚದ ಮೇಲಿತ್ತು. ನಿಮ್ಮ ಪತ್ರ ಓದಿ ನನಗೂ ಸಿಟ್ಟೇ ಬಂದಿತ್ತು. ಸುಮ್ಮನೆ ಬಿಚ್ಚಿ ಸುರಿದೆ.

ಮೊದಲು ಕಂಡದ್ದು ಕರಿಯ ಕಲ್ಲು, ಹಣೆಯಲ್ಲಿ ಬಿಳಿ ಬೊಟ್ಟು. ನಾನು ಮದುವೆಯಾಗಿ ಬಂದ ದಿನ ಹಟ್ಟಿಯ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲಿಲ್ಲ, ನೆನಪಿದೆಯೇ? ನೀವೆಲ್ಲ "ಬಾರೇ, ಬಾರೇ" ಎಂದು ಕರೆದಿರಿ. ಮಾವ ಬಂದು ಈ ಹಣೆಬೊಟ್ಟಿನವಳನ್ನು ನನಗೆ ಕೊಟ್ಟೆನೆಂದು ಹೇಳಿದ ಮೇಲೆ ಒಂದು ಹೆಜ್ಜೆ ಇಟ್ಟೆ. ಅತ್ತೆ ಇನ್ನೊಂದನ್ನು ಹೇಳಿದ ಮೇಲೆ ಇನ್ನೊಂದು ಹೆಜ್ಜೆ. ಆ ಹಸುಗಳು ನನ್ನ ಮಂಚದ ಮೇಲೆ ಬಿದ್ದಿದ್ದವು. ಟಾಯೊ ಆಗ ಹುಟ್ಟಿರಲೇ ಇಲ್ಲ. ಯಾವ ಕಲ್ಲು ಯಾರು ಎಂದು ಯಾರೂ ಚೀಟಿ ಬರೆದಿರಲಿಲ್ಲ. ನನಗೆ ಒಬ್ಬೊಬ್ಬರೂ ಗುರುತು ಸಿಕ್ಕರು. ಕಿವಿ ಹರಿದವಳ ಕಲ್ಲಿನಲ್ಲಿ ಅದೇ ಕಡೆ ಒಂದು ಕಚ್ಚು. ಆ ಮಗು ಇಂಥ ಕಲ್ಲನ್ನು ಆ ಹೊಳೆಯಲ್ಲಿ ಎಷ್ಟು ದಿನ ಹುಡುಕಿರಬೇಕು ಅತ್ತಿಗೆ? ನನಗೆ ಅಳು ತಡೆಯಲಾಗಲಿಲ್ಲ. ಕೈ ತನ್ನಷ್ಟಕ್ಕೆ ಅವನ್ನು ಜೋಡಿಸತೊಡಗಿತು. ತಾಯಿ ಮೇಲೆ, ಮಗಳು ಕೆಳಗೆ.

ಅಪಿಯೊ ಒಳಗೆ ಬಂದಳು. "ಏನಿದು, ಮಂಚದ ತುಂಬ ಕಲ್ಲು? ಎಷ್ಟಿವೆ?" ಎಂದಳು.

ನಾನು ಬಾಯಿ ತೆರೆದೆ. ದಿನಾ ವಾರ್ಡಿನಲ್ಲಿ ಮಾತ್ರೆ ಎಣಿಸುವವಳು ನಾನು. ಮಾತು ಹೊರಡಲಿಲ್ಲ. ಎಣಿಸಿದರೆ ಅಲ್ಲಿ ಅವುಗಳಿಗೆ ಏನಾದರೂ ಆದರೆ? ನನಗೇ ಗೊತ್ತಿಲ್ಲದೆ ಕೈ ಬಾಯಿಯ ಮೇಲೆ ಹೋಗಿತ್ತು.

ಅಯ್ಯೋ ದೇವರೇ, ದನದ್ದೇ ಕೇಳಿ ಎಂದು ಮೇಡಂಗೆ ಹೇಳಿಕೊಟ್ಟವಳು ನಾನೇ. ಚಿತ್ರದ ದನ ದನವಲ್ಲ ಎಂದು ನನಗೆ ಅನ್ನಿಸಿತ್ತು. ಅವಳಿಗೆ ಅವೂ ಯಾರದೋ ಮನೆಯ ದನ. ಹೆತ್ತ ತಾಯಿಯೇ ಅವನ್ನು ಬಾಯಿಬಿಟ್ಟು ಎಣಿಸು ಎಂದಾಗ ಆ ಮಗು ಇನ್ನು ಹೇಗೆ ನೋಡಬೇಕಿತ್ತು? ಯಾರದೋ ದನಕ್ಕೆ ಕೇಡಾಗಬಾರದೆಂದು ಅವಳು ದಡ್ಡಿ ಎನ್ನಿಸಿಕೊಂಡಳು.

ಆಶ್ರಮಕ್ಕೆ ಬೇಡವೆಂದು ತಿಳಿಸಿದ್ದೇನೆ. ಆ ಜಾಗ ನಿಜವಾಗಿ ಬೇಕಾದ ಮಗುವಿಗೆ ಸಿಗಲಿ. ಇಪ್ಪತ್ತಕ್ಕೆ ನಾನು ಬಂದೇ ಬರುತ್ತೇನೆ, ಅವಳನ್ನು ನೋಡಲು. ಡಾಕ್ಟರಿಗೂ ಕಲ್ಲು ತೋರಿಸಿ ಎಲ್ಲ ಹೇಳಿದೆ. ಅವರು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು. "ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲಮ್ಮ" ಎಂದರು.

ನೀವು ಅವಳಿಗೆ ಸೋಡಾ ಬಾಟಲಿಯ ಮುಚ್ಚಳ ಕೊಟ್ಟು ಎಣಿಸಲು ಹೇಳಿ ನೋಡಿ. ಕಲ್ಲು ಬೇಡ.

ಒಂದೇ ಚಿಂತೆ. ಕತ್ತಿನಲ್ಲಿ ಬಿಳಿ ಪಟ್ಟೆಯವಳು ಗಂಟಿನಲ್ಲಿಲ್ಲ. ಅವಳ ತಾಯಿ ಇದ್ದಾಳೆ, ಕರು ಇದೆ, ಅವಳಿಲ್ಲ. ಮಂಚದ ಅಡಿ, ಬಾಗಿಲು, ಎಲ್ಲ ಹುಡುಕಿದೆ. ದಾರಿಯಲ್ಲಿ ಬಿದ್ದಳೇನೋ, ಡ್ರೈವರನನ್ನು ವಿಚಾರಿಸಿ. ಟಾಯೊಗೆ ಹೇಳಬೇಡಿ, ನೊಂದುಕೊಳ್ಳುತ್ತಾಳೆ.

ಸೆಲೈನಾ


ಸೆಯ್ಯಾ ಹೊಳೆ
೧೮ ಮೇ ೧೯೮೮

ಸೆಲೈನಾ,

ನೀನು ಲಾರಿ ಹತ್ತುವ ಮೊದಲು ಇದು ಸಿಗುತ್ತದೋ ಇಲ್ಲವೋ. ಆದರೂ ಬರೆಯದೆ ಇರಲಾರೆ.

ಮುಚ್ಚಳ ಕೊಟ್ಟೆ. ಇದ್ದ ಮುಚ್ಚಳವೆಲ್ಲ ಎಣಿಸಿ ಮುಗಿಸಿ, "ಇನ್ನೂ ಇದ್ರೆ ಕೊಡಿ ಅತ್ತೆ" ಎಂದು ಕೈಯೊಡ್ಡಿದಳು. ಉಳಿದ ಮಕ್ಕಳು ಎಣಿಸುವುದನ್ನು ದೂರದ ಬಂಡೆಯ ಮೇಲೆ ಕೂತು ಕೇಳಿ ಕಲಿತಿದ್ದಾಳೆ. ನಾನು ಮರದ ಕೆಳಗಿದ್ದ ಕಲ್ಲಿನ ರಾಶಿಯನ್ನು ಹೊಳೆಗೆ ಸುರಿದು ಬಂದೆ. ಅಪ್ಪ ನೋಡಿ ನಕ್ಕರು.

ಡ್ರೈವರನನ್ನು ಬೈಯುವ ಮೊದಲು, ಕೇಳಿಯೇ ಬಿಡೋಣವೆಂದು ನಿನ್ನ ಮಾತು ಮೀರಿ ಟಾಯೊಳನ್ನೇ ಕೇಳಿದೆ. "ಕತ್ತುಪಟ್ಟೆಯವಳು ಗಂಟಲ್ಲಿ ಇರಲಿಲ್ವಂತೆ. ನಿಮ್ಮಮ್ಮ ಮಂಚದ ಕೆಳಗೆಲ್ಲ ಹುಡುಕಿದ್ಲಂತೆ."

ಆಡುತ್ತಿದ್ದವಳು ಕೈ ನಿಲ್ಲಿಸಿದಳು. "ಅಮ್ಮನೇ ಕೇಳಿದ್ಲಾ? ಯಾರೂ ಹೇಳಿಕೊಡ್ಲಿಲ್ವಾ?"

"ಅವಳೇ ಕೇಳಿದ್ದು. ಹೆಸರು ಹಿಡಿದು."

"ನಾನೇ ಕಳಿಸ್ಲಿಲ್ಲ. ಇಲ್ಲೇ ಇಟ್ಕೊಂಡೆ."

"ಯಾಕೇ?"

"ಅಮ್ಮಂಗೆ ಗೊತ್ತಾಗುತ್ತಾ ಅಂತ ನೋಡೋಕೆ. ಪಟ್ಟಣಕ್ಕೆ ಹೋಗಿ ಎಲ್ಲಾ ಮರೆತಿದಾಳೆ ಅಂದ್ಕೊಂಡಿದ್ದೆ. ಅಲ್ಲಿಗೆ ಕರ್ಕೊಂಡು ಹೋದಾಗ ದನ ಎಣಿಸು ಅಂದ್ಲಲ್ಲ."

ನಾನು ಅವಳ ತಲೆ ಸವರಿದೆ. ಅವಳು ಮರಳಲ್ಲಿ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ದನ ಒಂದು ಇಲ್ದೇ ಇದ್ರೂ ಅಮ್ಮಂಗೆ ಗೊತ್ತಾಗುತ್ತೆ. ಹಾಗಾದ್ರೆ ನಾನು ಇಲ್ದೇ ಇರೋದೂ ಅವಳಿಗೆ ದಿನಾ ಗೊತ್ತಾಗ್ತಿರುತ್ತೆ, ಅಲ್ವಾ ಅತ್ತೆ?"

ಬೇಗ ಬಾ.

ನಾರಾಮತ್